ಕೈಯಲ್ಲಿ ಎರಡು ಮೆಡಿಕಲ್ ಸೀಟು: ಯಾವುದನ್ನು ಹಿಡಿಯುವುದು, ಯಾವುದನ್ನು ಬಿಡುವುದು

ನೀಟ್ ಫಲಿತಾಂಶ ಬಂದ ಮೇಲಿನ ಎರಡು ತಿಂಗಳು ಹಾಸನದ ನಮ್ಮ ಮನೆ ಜಗಲಿಯಲ್ಲಿ ರೋಗಿಗಳಿಗಿಂತ ರ‍್ಯಾಂಕ್ ಚೀಟಿ ಹಿಡಿದವರೇ ಜಾಸ್ತಿ. ಆಲೂರಿನಿಂದ ಬರುತ್ತಾರೆ, ಬೇಲೂರಿನಿಂದ ಬರುತ್ತಾರೆ, ಮೂಡಿಗೆರೆಯಿಂದ ಜೀಪಿನಲ್ಲಿ ಮಳೆ ನೆನೆದುಕೊಂಡು ಬರುತ್ತಾರೆ. ಅಪ್ಪ ಮಾತಾಡುತ್ತಾರೆ, ಅಮ್ಮ ನಡುನಡುವೆ ತಿದ್ದುತ್ತಾರೆ, ಓದಬೇಕಾದ ಮಗು ಮೂಲೆಯಲ್ಲಿ ಫೋನ್ ನೋಡುತ್ತಾ ಕೂತಿರುತ್ತದೆ. ಪ್ರಶ್ನೆ ಮಾತ್ರ ಒಂದೇ: "ಡಾಕ್ಟ್ರೇ, ಇಲ್ಲೂ ಸಿಗಂಗದೆ, ಅಲ್ಲೂ ಸಿಗಂಗದೆ. ಯಾವ್ದಕ್ಕೆ ಹಾಕದು?"

ಪ್ರತಿ ವರ್ಷ ಹೇಳಿದ್ದನ್ನೇ ಹೇಳಿ ಗಂಟಲು ನೋಯುವುದಕ್ಕಿಂತ ಬರೆದಿಡುವುದು ಮೇಲು ಅನ್ನಿಸಿತು. ನಾನು ಸರ್ಕಾರಿ ಕಾಲೇಜಿನಲ್ಲಿ ಓದಿದವನು. ಆ ಕಡೆಗೆ ನನ್ನ ಮನಸ್ಸು ವಾಲುತ್ತದೆ ಎಂಬುದನ್ನು ಮೊದಲೇ ತಿಳಿದುಕೊಂಡು ಮುಂದೆ ಓದಿ.

ಎರಡು ಬಾಗಿಲು, ಎರಡು ಕೀಲಿ

ಎಂಬಿಬಿಎಸ್ ಸೀಟು ನಮಗೆ ಎರಡು ಕಡೆಯಿಂದ ಬರುತ್ತದೆ. ದೆಹಲಿಯ ಎಂಸಿಸಿ (ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ) ನಡೆಸುವ ಕೌನ್ಸೆಲಿಂಗ್‌ನಲ್ಲಿ ದೇಶದ ಸರ್ಕಾರಿ ಕಾಲೇಜುಗಳ ಶೇ. 15 ಸೀಟು ಮತ್ತು ಡೀಮ್ಡ್, ಅಂದರೆ ವಿಶ್ವವಿದ್ಯಾಲಯದ ಸ್ಥಾನ ಪಡೆದ ಸಂಸ್ಥೆಗಳ ಸೀಟು ಸಿಗುತ್ತವೆ. ನಮ್ಮ ಸರ್ಕಾರಿ ಕಾಲೇಜುಗಳ ಉಳಿದ ಶೇ. 85, ಜೊತೆಗೆ ಖಾಸಗಿ ಕಾಲೇಜುಗಳ ಸರ್ಕಾರಿ ಕೋಟಾ (ಕಡಿಮೆ ಶುಲ್ಕದ್ದು) ಮತ್ತು ಖಾಸಗಿ ಕೋಟಾ (ಹೆಚ್ಚು ಶುಲ್ಕದ್ದು), ಬೆಂಗಳೂರಿನ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮೂಲಕ ಹಂಚಿಕೆಯಾಗುತ್ತವೆ. ಎರಡಕ್ಕೂ ಬೇರೆ ಬೇರೆ ನೋಂದಣಿ. ಒಂದರಲ್ಲಿ ಹೆಸರು ಕೊಟ್ಟರೆ ಇನ್ನೊಂದರಲ್ಲಿ ತಾನಾಗಿ ಬರುವುದಿಲ್ಲ.

ಡೀಮ್ಡ್ ಕಾಲೇಜಿಗೆ ಎಂಸಿಸಿಯಲ್ಲಿ ಹೆಸರು ಹಾಕುವಾಗಲೇ ಎರಡು ಲಕ್ಷ ಠೇವಣಿ ಕೇಳುತ್ತಾರೆ. ಮೊದಲ ಸುತ್ತಿನಲ್ಲಿ ಸಿಕ್ಕ ಸೀಟು ಬೇಡವೆಂದು ಬಿಟ್ಟರೆ ನಷ್ಟವಿಲ್ಲ. ಆಮೇಲಿನ ಸುತ್ತುಗಳಲ್ಲಿ ಬಿಟ್ಟರೆ ಠೇವಣಿ ಹೋಗುತ್ತದೆ. "ಸುಮ್ಮನೆ ಒಂದು ಹಾಕಿಡೋಣ" ಎಂದು ಹಾಕಿ ಎರಡು ಲಕ್ಷ ಕಳೆದುಕೊಂಡ ಮನೆಯೊಂದು ನನಗೆ ಗೊತ್ತು. ಆ ವರ್ಷ ಅವರು ತೋಟಕ್ಕೆ ಗೊಬ್ಬರ ಹಾಕಲಿಲ್ಲ.

ಜಾತಿ ಪ್ರಮಾಣಪತ್ರದ ಗೊಂದಲವೂ ಇಲ್ಲೇ ಶುರುವಾಗುವುದು. ರಾಜ್ಯದ ಪಟ್ಟಿಯ 2ಎ, 3ಎ, 3ಬಿ ಕೆಇಎಗೆ ನಡೆಯುತ್ತವೆ. ಎಂಸಿಸಿಗೆ ಕೇಂದ್ರದ ಒಬಿಸಿ ಪಟ್ಟಿಯಲ್ಲಿ ನಿಮ್ಮ ಜಾತಿ ಇರಬೇಕು, ಪ್ರಮಾಣಪತ್ರದ ನಮೂನೆಯೂ ಬೇರೆ. ನಾಡಕಚೇರಿಯಲ್ಲಿ ಅರ್ಜಿ ಕೊಡುವಾಗ ಯಾವುದು ಬೇಕೆಂದು ಬಾಯಿಬಿಟ್ಟು ಹೇಳಿ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲು ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಇದೆ. ಎರಡಕ್ಕೂ ವ್ಯಾಸಂಗ ಪ್ರಮಾಣಪತ್ರದ ಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಬೇಕು. ಶಾಲೆ ಮುಚ್ಚಿಹೋಗಿದ್ದರೆ ದಾಖಲೆ ಯಾವ ಶಾಲೆಯ ಸುಪರ್ದಿಯಲ್ಲಿದೆ ಎಂದು ಈಗಲೇ ಹುಡುಕಿ. ಮಲೆನಾಡಿನಲ್ಲಿ ಮುಚ್ಚಿದ ಶಾಲೆಗಳಿಗೇನು ಕಡಿಮೆಯೇ?

ಕಟ್‌ಆಫ್ ಓದುವ ಬಗೆ

ಹೋದ ವರ್ಷದ ಕಟ್‌ಆಫ್ (ಪ್ರತಿ ಕಾಲೇಜಿನಲ್ಲಿ ಕೊನೆಯ ಸೀಟು ಹೋದ ರ‍್ಯಾಂಕ್) ಪಟ್ಟಿ ಇಳಿಸಿಕೊಂಡು ನೋಡುವಾಗ ಮೊದಲ ಸುತ್ತಿನದನ್ನು ಮಾತ್ರ ನೋಡಿ ಎದೆಗುಂದಬೇಡಿ. ಕೊನೆಯ ಸುತ್ತಿನದನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ನಿಮ್ಮ ವರ್ಗದ ಕಾಲಂ ನೋಡುವಾಗ ಜೊತೆಗೆ ಸಾಮಾನ್ಯ ವರ್ಗದ್ದನ್ನೂ ನೋಡಿ, ಒಳ್ಳೆಯ ರ‍್ಯಾಂಕ್ ಇದ್ದರೆ ಅದರಲ್ಲೂ ಸಿಗಬಹುದು.

ಇನ್ನೊಂದು ವಿಷಯ. ಸಂವಿಧಾನದ 371(ಜೆ) ವಿಧಿಯ ಕಾರಣ ಬೀದರ್, ಕಲಬುರಗಿ, ರಾಯಚೂರು, ಯಾದಗಿರಿ, ಕೊಪ್ಪಳ, ಬಳ್ಳಾರಿ ಕಡೆಯ ಕಾಲೇಜುಗಳಲ್ಲಿ ಶೇ. 70 ಸೀಟು ಆ ಭಾಗದವರಿಗೇ ಮೀಸಲು. ಅಲ್ಲಿಯ ಕಟ್‌ಆಫ್ ಸಂಖ್ಯೆ ದೊಡ್ಡದಾಗಿ ಕಂಡರೆ ಅದು ಆ ಮೀಸಲಿನ ಕಾಲಮ್ಮೋ, ಹೊರಗಿನವರದ್ದೋ ಎಂದು ಎರಡು ಸಲ ನೋಡಿ. ಹಾಸನದ ಮಗುವಿಗೆ ಆ ಮೊದಲ ಕಾಲಂ ಲೆಕ್ಕಕ್ಕಿಲ್ಲ.

ಹಣ: ಐದು ವರ್ಷದ್ದನ್ನು ಒಂದೇ ಹಾಳೆಯಲ್ಲಿ ಬರೆಯಿರಿ

ಈಚಿನ ವರ್ಷಗಳಲ್ಲಿ ಸರ್ಕಾರಿ ಕಾಲೇಜಿನ ಬೋಧನಾ ಶುಲ್ಕ ವರ್ಷಕ್ಕೆ 60 ಸಾವಿರದ ಆಸುಪಾಸು. ಖಾಸಗಿ ಕಾಲೇಜಿನ ಸರ್ಕಾರಿ ಕೋಟಾ ಸೀಟಿಗೆ ಒಂದೂವರೆ ಲಕ್ಷದ ಹತ್ತಿರ. ಅದೇ ಕಾಲೇಜಿನ ಖಾಸಗಿ ಕೋಟಾಗೆ ಹತ್ತು ಹನ್ನೆರಡು ಲಕ್ಷ. ಡೀಮ್ಡ್ ಆದರೆ ಹದಿನೈದು ಇಪ್ಪತ್ತು ಲಕ್ಷ, ಕೆಲವು ಕಡೆ ಅದಕ್ಕೂ ಮೇಲೆ. ಒಂದೇ ಪುಸ್ತಕ, ಒಂದೇ ಅನಾಟಮಿ, ಕೊನೆಗೆ ಹೆಸರಿನ ಹಿಂದೆ ಅದೇ ಅಕ್ಷರಗಳು. ಶುಲ್ಕ ಮಾತ್ರ ಮೂರು ಲಕ್ಷದಿಂದ ತೊಂಬತ್ತು ಲಕ್ಷದವರೆಗೆ.

ಜಗಲಿಗೆ ಬಂದವರ ಕೈಗೆ ನಾನು ಮೊದಲು ಕೊಡುವುದು ಖಾಲಿ ಹಾಳೆ. ಪ್ರತಿ ಕಾಲೇಜಿಗೆ ಒಂದು ಸಾಲು: ಬೋಧನಾ ಶುಲ್ಕ, ವಿಶ್ವವಿದ್ಯಾಲಯದ ಶುಲ್ಕ, ಹಾಸ್ಟೆಲ್, ಮೆಸ್, ಪರೀಕ್ಷಾ ಶುಲ್ಕ, ಊರಿಗೆ ಬಂದುಹೋಗುವ ಖರ್ಚು. ಎಂಬಿಬಿಎಸ್ ಓದು ನಾಲ್ಕೂವರೆ ವರ್ಷ, ಆಮೇಲೆ ಒಂದು ವರ್ಷ ಹೌಸ್ ಸರ್ಜನ್, ಅಂದರೆ ಆಸ್ಪತ್ರೆಯಲ್ಲಿ ಕಡ್ಡಾಯ ತರಬೇತಿ. ಶುಲ್ಕ ನಾಲ್ಕೂವರೆ ವರ್ಷಕ್ಕೋ ಪೂರ್ತಿ ಐದು ವರ್ಷಕ್ಕೋ ಎಂದು ಕಾಲೇಜಿನ ಕಚೇರಿಯಲ್ಲಿ ಬಾಯಿಮಾತಲ್ಲ, ಬರವಣಿಗೆಯಲ್ಲಿ ಕೇಳಿ. ಹೌಸ್ ಸರ್ಜನ್ ವರ್ಷದ ಭತ್ಯೆ ನಿಜವಾಗಿ ಕೈಗೆ ಬರುತ್ತದೆಯೇ ಎಂಬುದನ್ನು ಅಲ್ಲಿಯ ಹೌಸ್ ಸರ್ಜನ್ನರನ್ನೇ ಕೇಳಿ, ಕಚೇರಿಯವರನ್ನಲ್ಲ. ನನ್ನ ಸೋದರಳಿಯ ಓದಿದ ಕಡೆ ಭತ್ಯೆ ಬ್ಯಾಂಕಿಗೆ ಬಂದು ಬೀಳುತ್ತಿತ್ತು. ಅಷ್ಟೇ ಮೊತ್ತವನ್ನು "ಇತರೆ ಶುಲ್ಕ" ಎಂದು ವಾಪಸ್ ಕಟ್ಟಿಸಿಕೊಳ್ಳುತ್ತಿದ್ದರು.

ನಮ್ಮ ಕಡೆಯ ಮನೆಗಳಿಗೆ ಇನ್ನೊಂದು ತೊಡಕಿದೆ. ಶುಲ್ಕ ಕಟ್ಟುವ ಗಡುವು ಬರುವುದು ಮಳೆಗಾಲದಲ್ಲಿ. ಅರೇಬಿಕಾ ಹಣ್ಣಾಗುವುದು ನವೆಂಬರ್ ಡಿಸೆಂಬರಿಗೆ, ರೋಬಸ್ಟಾ ಕುಯ್ಲು ಜನವರಿ ಫೆಬ್ರವರಿಗೆ, ಮೆಣಸು ಅದಕ್ಕೂ ಆಚೆ. ಮೂಡಿಗೆರೆ ಕಡೆಯ ಬೆಳೆಗಾರರೊಬ್ಬರು ಕೇಳಿದ್ದರು: "ಹಣ್ಣು ಕುಯ್ದು ಕಟ್ತೀನಿ ಅಂದ್ರೆ ಒಪ್ತಾರಾ ಡಾಕ್ಟ್ರೇ?" ಒಪ್ಪುವುದಿಲ್ಲ. ಸೀಟು ಹಂಚಿಕೆಯಾದ ಕೆಲವೇ ದಿನಗಳಲ್ಲಿ ಕಟ್ಟಬೇಕು. ಆಗ ವ್ಯಾಪಾರಿಯ ಹತ್ತಿರ ಬರುವ ಫಸಲಿನ ಮೇಲೆ ಮುಂಗಡ ತಂದರೆ ದರದ ಮಾತು ಅವನ ಕೈಗೆ ಹೋಯಿತೆಂದೇ ಲೆಕ್ಕ. ಅದಕ್ಕೆ ಬ್ಯಾಂಕಿನ ಕೆಲಸವನ್ನು ಮೇ ಜೂನಿನಲ್ಲೇ ಶುರು ಮಾಡಿ. ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ಏಳೂವರೆ ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಆಸ್ತಿ ಅಡಮಾನ ಬೇಡ, ಸರ್ಕಾರದ ಖಾತರಿ ಯೋಜನೆ ಇದೆ. ಅದರ ಮೇಲೆ ಹೋದರೆ ತೋಟದ ಪತ್ರ ಕೇಳುತ್ತಾರೆ. ಆ ಪತ್ರ ಬೆಳೆ ಸಾಲಕ್ಕೆ ಆಗಲೇ ಬ್ಯಾಂಕಿನಲ್ಲಿ ಕೂತಿರುತ್ತದೆ, ಬಹುತೇಕ ಮನೆಗಳ ಕತೆಯೇ ಅದು. ಹಿಂದುಳಿದ ವರ್ಗದವರು ದೇವರಾಜ ಅರಸು ನಿಗಮದ ಅರಿವು ಸಾಲವನ್ನೂ, ಅಲ್ಪಸಂಖ್ಯಾತರು ತಮ್ಮ ನಿಗಮದ ಅರಿವು ಸಾಲವನ್ನೂ ವಿಚಾರಿಸಲಿ. ವಿದ್ಯಾರ್ಥಿವೇತನಕ್ಕೆ ರಾಜ್ಯದ ಪೋರ್ಟಲ್ ಎಸ್‌ಎಸ್‌ಪಿ.

ನನ್ನ ಅಳತೆಗೋಲು ಹೇಳಿಬಿಡುತ್ತೇನೆ. ಎಂಬಿಬಿಎಸ್ ಮುಗಿಯುವ ಹೊತ್ತಿಗೆ ಮನೆಯಲ್ಲಿ ಇನ್ನೂ ಮೂರು ನಾಲ್ಕು ವರ್ಷ ಮಗುವನ್ನು ಸಾಕುವ ಶಕ್ತಿ ಉಳಿದಿರಬೇಕು. ಈಗ ಬರೀ ಎಂಬಿಬಿಎಸ್‌ಗೆ ಯಾರೂ ನಿಲ್ಲುವುದಿಲ್ಲ. ಸ್ನಾತಕೋತ್ತರ ಪ್ರವೇಶ ಪರೀಕ್ಷೆ ನೀಟ್ ಪಿಜಿಗೆ ಒಂದು ವರ್ಷವೋ ಎರಡು ವರ್ಷವೋ ಕೂರುತ್ತಾರೆ, ಆ ಪರೀಕ್ಷೆಯಲ್ಲಿ ಯಾವ ಕಾಲೇಜಿನಿಂದ ಬಂದೆ ಎಂದು ಯಾರೂ ಕೇಳುವುದಿಲ್ಲ, ರ‍್ಯಾಂಕ್ ಅಷ್ಟೇ. ಎಲ್ಲವನ್ನೂ ಮೊದಲ ಡಿಗ್ರಿಗೇ ಸುರಿದ ಮನೆಯ ಮಗು ಹೌಸ್ ಸರ್ಜನ್ ಮುಗಿದ ಮರುದಿನವೇ ಯಾವುದೋ ನರ್ಸಿಂಗ್ ಹೋಮಿನ ರಾತ್ರಿ ಪಾಳಿಗೆ ಹೋಗುವುದನ್ನು ನೋಡಿದ್ದೇನೆ. ರಾತ್ರಿಯಿಡೀ ದುಡಿದು ಹಗಲು ಓದುವುದು ಹೇಳುವಷ್ಟು ಸುಲಭವಲ್ಲ.

ಆಸ್ಪತ್ರೆ ನೋಡಿ, ಕಟ್ಟಡ ನೋಡಬೇಡಿ

ಎಲ್ಲರೂ ಎಡವುವುದು ಇಲ್ಲೇ. ಕಾಲೇಜು ನೋಡಲು ಹೋದವರು ಗೇಟು, ಗ್ರಂಥಾಲಯ, ಹವಾನಿಯಂತ್ರಿತ ಸಭಾಂಗಣ ನೋಡಿ ಫೋಟೋ ತೆಗೆದುಕೊಂಡು ಬರುತ್ತಾರೆ. ವೈದ್ಯನನ್ನು ಮಾಡುವುದು ರೋಗಿ. ರೋಗಿ ಇಲ್ಲದ ಕಡೆ ಅಮೃತಶಿಲೆ ಹಾಸಿದ್ದರೂ ಕಲಿಯುವುದು ಅಷ್ಟಕ್ಕಷ್ಟೇ.

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಹೋಗಿ, ಯಾರಿಗೂ ಹೇಳದೆ. ಹೊರರೋಗಿ ಚೀಟಿ ಮಾಡಿಸುವ ಕಿಟಕಿಯ ಮುಂದೆ ಹತ್ತು ನಿಮಿಷ ನಿಲ್ಲಿ. ಸಾಲು ಹೊರಗಿನ ಮರದ ತನಕ ಬಂದಿದ್ದರೆ ಒಳ್ಳೆಯ ಲಕ್ಷಣ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ನಿಯಮದ ಪ್ರಕಾರ 150 ಸೀಟಿನ ಕಾಲೇಜಿನ ಆಸ್ಪತ್ರೆಗೆ 605 ಹಾಸಿಗೆ ಇರಬೇಕು, ಅದರಲ್ಲಿ ಶೇ. 80 ತುಂಬಿರಬೇಕು. ಎಂದರೆ ಯಾವ ದಿನ ಹೋದರೂ ಐನೂರರ ಹತ್ತಿರ ರೋಗಿಗಳು ಮಲಗಿರಬೇಕು. ವಾರ್ಡಿನ ಕಾರಿಡಾರಿನಲ್ಲಿ ನಡೆದು ಹೋದರೆ ಸಾಕು, ತುಂಬಿದೆಯೋ ಇಲ್ಲವೋ ಕಣ್ಣಿಗೇ ಗೊತ್ತಾಗುತ್ತದೆ. ಹಾಸಿಗೆಯ ಮೇಲಿನ ಚಾದರ ಮಡಿಕೆ ಮುರಿಯದೆ ಇದ್ದರೆ, ಮಲಗಿದವರ ಪಕ್ಕದಲ್ಲಿ ಊಟದ ಡಬ್ಬಿ, ಚಪ್ಪಲಿ, ಜೊತೆಗೆ ಬಂದವರು ಯಾರೂ ಇಲ್ಲದಿದ್ದರೆ ಅನುಮಾನಪಡಿ. ತಪಾಸಣೆಯ ದಿನಕ್ಕೆಂದು ಹಳ್ಳಿಯವರನ್ನು ವ್ಯಾನಿನಲ್ಲಿ ತಂದು ಮಲಗಿಸುವ ಕತೆಗಳನ್ನು ನೀವೂ ಕೇಳಿರುತ್ತೀರಿ.

ಅಲ್ಲಿಂದ ಹೆರಿಗೆ ವಾರ್ಡಿನ ಹತ್ತಿರ ಹೋಗಿ. ತುರ್ತು ಚಿಕಿತ್ಸೆ ವಿಭಾಗವನ್ನು ಸಾಧ್ಯವಾದರೆ ರಾತ್ರಿ ನೋಡಿ. ಕ್ಯಾಂಟೀನಿನಲ್ಲಿ ಹೌಸ್ ಸರ್ಜನ್ ಒಬ್ಬರನ್ನು ಹಿಡಿದು ಕಾಫಿ ಕೊಡಿಸಿ ಕೇಳಿ: ಎಷ್ಟು ಹೆರಿಗೆ ಸ್ವತಃ ಮಾಡಿಸಿದಿರಿ? ಹೊಲಿಗೆ ಯಾರು ಹಾಕುತ್ತಾರೆ? ಬೆನ್ನುಮೂಳೆಯಿಂದ ನೀರು ತೆಗೆಯುವುದನ್ನು ಕೈಯಾರೆ ಮಾಡಿದ್ದೀರೋ, ನೋಡಿದ್ದು ಮಾತ್ರವೋ? ಉತ್ತರ ಹೇಳುವ ಮೊದಲು ಅವರು ಸ್ವಲ್ಪ ತಡೆದರೆ ಅದೇ ಉತ್ತರ. ಸ್ನಾತಕೋತ್ತರ ವಿದ್ಯಾರ್ಥಿಗಳು ತುಂಬಾ ಇರುವ ಕಡೆ ಕಲಿಸುವ ಅಣ್ಣ ಅಕ್ಕಂದಿರು ಸಿಗುತ್ತಾರೆ, ಕೈಗೆ ಕೆಲಸ ಕಡಿಮೆ ಸಿಗುತ್ತದೆ. ಅವರಿಲ್ಲದ ಕಡೆ ಕೆಲಸವೆಲ್ಲ ನಿಮ್ಮ ಮೇಲೇ ಬೀಳುತ್ತದೆ, ಹೇಳಿಕೊಡುವವರಿಗೆ ಪುರುಸೊತ್ತಿರುವುದಿಲ್ಲ. ನನ್ನನ್ನು ಕೇಳಿದರೆ ಎರಡನೆಯದರಲ್ಲೇ ಕೈ ಬೇಗ ಪಳಗುತ್ತದೆ.

ಮೊದಲ ವರ್ಷದವರನ್ನು ಕೇಳಬೇಕಾದದ್ದು ಎರಡೇ. ಅನಾಟಮಿಯಲ್ಲಿ ಒಂದು ದೇಹಕ್ಕೆ ಎಷ್ಟು ಜನ ನಿಲ್ಲುತ್ತೀರಿ, ಹಾಸ್ಟೆಲಿನಲ್ಲಿ ನೀರು ಬರುತ್ತದೆಯೇ. ಹಾಸ್ಟೆಲಿನ ನೀರು ಸಣ್ಣ ಮಾತಲ್ಲ, ಐದು ವರ್ಷ ಅಲ್ಲಿರಬೇಕು.

ಹಳೆಯದೋ ಹೊಸದೋ, ಹತ್ತಿರವೋ ದೂರವೋ

ನಮ್ಮ ಸುತ್ತಮುತ್ತ ಏನಿದೆ ನೋಡಿ. ಮೈಸೂರು ಮೆಡಿಕಲ್ ಕಾಲೇಜು 1924ರದ್ದು, ಕೆ.ಆರ್. ಆಸ್ಪತ್ರೆಯ ಜನಸಂದಣಿ ಅದರ ದೊಡ್ಡ ಆಸ್ತಿ. ಬೆಂಗಳೂರು ಮೆಡಿಕಲ್ ಕಾಲೇಜಿಗೆ ವಿಕ್ಟೋರಿಯಾ, ವಾಣಿವಿಲಾಸ, ಮಿಂಟೋ ಆಸ್ಪತ್ರೆಗಳಿವೆ. ಹಾಸನದ ಸರ್ಕಾರಿ ಕಾಲೇಜು ಹಿಮ್ಸ್ 2006ರಲ್ಲಿ ಶುರುವಾಯಿತು, ಶ್ರೀ ಚಾಮರಾಜೇಂದ್ರ ಆಸ್ಪತ್ರೆಗೆ ಇಡೀ ಜಿಲ್ಲೆಯ ರೋಗಿಗಳು ಬರುತ್ತಾರೆ. ಕೊಡಗಿನ ಕಾಲೇಜು 2016ರದ್ದು. ಚಿಕ್ಕಮಗಳೂರಿನದ್ದು 150 ಸೀಟುಗಳೊಂದಿಗೆ 2022ರಲ್ಲಿ ಬಾಗಿಲು ತೆರೆಯಿತು. ಬೆಂಗಳೂರು ದಾರಿಯಲ್ಲಿ ಬೆಳ್ಳೂರಿನ ಬಳಿ ಬಿ.ಜಿ. ನಗರದ ಆದಿಚುಂಚನಗಿರಿ ಕಾಲೇಜು 1986ರಿಂದ ಇದೆ. ಘಟ್ಟದ ಕೆಳಗೆ ಮಂಗಳೂರಿನಲ್ಲಿ ಖಾಸಗಿ ಮತ್ತು ಡೀಮ್ಡ್ ಕಾಲೇಜುಗಳ ಸಂತೆಯೇ ಇದೆ.

ಮೈಸೂರು ಅಥವಾ ಬೆಂಗಳೂರಿನ ಹಳೆಯ ಸರ್ಕಾರಿ ಕಾಲೇಜು ಸಿಗುವಂತಿದ್ದರೆ ಕಣ್ಣುಮುಚ್ಚಿ ಹೋಗಿ, ಊರಿನ ಮೋಹ ಬೇಡ. ಅದು ಸಿಗದೆ ಹಾಸನ, ಚಿಕ್ಕಮಗಳೂರು, ಕೊಡಗು ಇವುಗಳ ನಡುವೆ ಬಂದರೆ ವಯಸ್ಸಾದ ಕಾಲೇಜಿಗೆ ಒಂದು ತೂಕ ಹೆಚ್ಚು. ಅಲ್ಲಿ ಹಲವು ತಂಡಗಳು ಓದಿ ಹೊರಬಿದ್ದಿವೆ, ಪಾಠದ ಕ್ರಮ ಕೂತಿದೆ, ಕೇಳಿದರೆ ಹೇಳಲು ಹಿರಿಯರಿದ್ದಾರೆ. ಹೊಸ ಕಾಲೇಜಿನಲ್ಲಿ ಇದೆಲ್ಲ ನಿಮ್ಮ ಕಣ್ಣೆದುರೇ ಆಗುತ್ತಿರುತ್ತದೆ. ಚಿಕ್ಕಮಗಳೂರಿನ ಮೊದಲ ತಂಡ ಹೌಸ್ ಸರ್ಜನ್ ಆಗುವುದು 2027ರ ಹೊತ್ತಿಗೆ. ಆದರೆ ಹೊಸ ಸರ್ಕಾರಿ ಕಾಲೇಜನ್ನು "ಇನ್ನೂ ಹೊಸದು" ಎಂಬ ಒಂದೇ ಕಾರಣಕ್ಕೆ ಬಿಟ್ಟು, ಹಲವು ಪಟ್ಟು ಹಣ ಕೊಟ್ಟು ಖಾಲಿ ವಾರ್ಡಿನ ಖಾಸಗಿ ಕಾಲೇಜಿಗೆ ಹೋಗುವುದು ನನಗೆ ಒಪ್ಪಿತವಲ್ಲ. ಜಿಲ್ಲಾಸ್ಪತ್ರೆಗೆ ರೋಗಿಗಳು ಕಾಲೇಜಿಗಿಂತ ಮೊದಲಿಂದಲೂ ಬರುತ್ತಿದ್ದವರು. ಹಾವು ಕಚ್ಚಿದವರು, ಕಾಫಿ ಗಿಡಕ್ಕೆ ಹೊಡೆಯುವ ಔಷಧಿ ಕುಡಿದವರು, ಕೊಪ್ಪ ಎನ್.ಆರ್. ಪುರದ ಕಡೆಯ ಮಂಗನ ಕಾಯಿಲೆ, ಆನೆ ತುಳಿದ ಗಾಯ. ನಗರದ ಎಷ್ಟೋ ವಿದ್ಯಾರ್ಥಿಗಳು ಪುಸ್ತಕದಲ್ಲಿ ಮಾತ್ರ ಓದುವುದನ್ನು ಮಲೆನಾಡಿನ ಮಗು ಎರಡನೇ ವರ್ಷಕ್ಕೇ ನೋಡಿರುತ್ತದೆ.

ಖಾಸಗಿ ಕಾಲೇಜಿನಲ್ಲಿ ಸರ್ಕಾರಿ ಕೋಟಾ ಸಿಕ್ಕಿದ್ದರೆ ಮಾತು ಬೇರೆ. ವಾರ್ಡು ತುಂಬಿರುವ ಹಳೆಯ ಖಾಸಗಿ ಕಾಲೇಜಿನ ಅಂಥ ಸೀಟನ್ನು ದೂರದ ಸರ್ಕಾರಿ ಸೀಟಿಗಿಂತ ಮೇಲೆ ಹಾಕಿದರೂ ತಪ್ಪಿಲ್ಲ.

ದೂರದ ಬಗ್ಗೆ ಒಂದು ಮಾತು. ಬೀದರಿಗೆ ಹೋಗಲು ಹೆದರಬೇಡಿ, ಅದೂ ಕನ್ನಡನಾಡೇ. "ಹೊಟ್ಟಿ ಕಡ್ಯಾಕ ಹತ್ತೈತ್ರಿ" ಎಂದರೆ ಏನೋ ಕಚ್ಚಿದೆ ಎಂದುಕೊಂಡು ಗಾಯ ಹುಡುಕಬೇಡಿ, ಹೊಟ್ಟೆ ನೋಯುತ್ತಿದೆ ಅಷ್ಟೆ. ಮಂಗಳೂರಿಗೆ ಹೋದರೆ ತುಳು ಕಲಿಯಬೇಕಾದೀತು. ಚಿಕ್ಕಮಗಳೂರಿನ ಎಸ್ಟೇಟ್ ಲೈನುಗಳಿಂದ ಬರುವವರಲ್ಲಿ ತಮಿಳು ಮಾತಾಡುವವರಿದ್ದಾರೆ, ಈಗೀಗ ಅಸ್ಸಾಮಿನಿಂದ ಬಂದವರೂ ಇದ್ದಾರೆ. ಆರು ತಿಂಗಳಲ್ಲಿ ಎಲ್ಲ ಒಗ್ಗುತ್ತದೆ. ಒಗ್ಗದೆ ಉಳಿಯುವುದು ಮನೆಯ ಸೆಳೆತ. ಮೊದಲ ವರ್ಷದ ಪರೀಕ್ಷೆಗೆ ಒಟ್ಟು ನಾಲ್ಕೇ ಅವಕಾಶ, ಪೂರ್ತಿ ಕೋರ್ಸಿಗೆ ಒಂಬತ್ತು ವರ್ಷದ ಮಿತಿ. ಮಗು ಮೆತ್ತನೆಯ ಸ್ವಭಾವದ್ದು, ಪಿಯುಸಿಯಲ್ಲೇ ಹಾಸ್ಟೆಲ್ ಬಿಟ್ಟು ಓಡಿಬಂದಿತ್ತು ಎಂದಾದರೆ ಹತ್ತಿರದ ಕಾಲೇಜಿಗೆ ಮೇಲಿನ ಸ್ಥಾನ ಕೊಡಿ. ನಾಚಿಕೆಪಡುವಂಥದ್ದೇನಿಲ್ಲ.

ಆಪ್ಷನ್ ಎಂಟ್ರಿ: ನಿಜವಾದ ಆಯ್ಕೆ ಆಗುವುದು ಈ ರಾತ್ರಿ

ಎರಡು ಸೀಟು ಕೈಯಲ್ಲಿ ಹಿಡಿದು ತೂಗುವ ಅವಕಾಶ ನಮ್ಮ ಪದ್ಧತಿಯಲ್ಲಿ ಇಲ್ಲವೆಂದೇ ಹೇಳಬೇಕು. ಗಣಕಯಂತ್ರ ನಿಮ್ಮ ರ‍್ಯಾಂಕಿನ ಸರದಿ ಬಂದಾಗ ಆಪ್ಷನ್ ಎಂಟ್ರಿಯಲ್ಲಿ ನೀವು ಆದ್ಯತೆಯ ಕ್ರಮದಲ್ಲಿ ಹಾಕಿದ ಕಾಲೇಜುಗಳ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿ, ಮೊದಲು ಎಲ್ಲಿ ಖಾಲಿ ಕಂಡಿತೋ ಅಲ್ಲಿಗೆ ಹಾಕುತ್ತದೆ. ಅದರ ಕೆಳಗಿರುವುದನ್ನು ನೋಡುವುದೂ ಇಲ್ಲ. ಅಂದರೆ ಕಾಲೇಜು ಆರಿಸುವುದು ಸೀಟು ಬಂದ ದಿನವಲ್ಲ, ಪಟ್ಟಿ ಬರೆದ ದಿನ.

ಈ ಕಾರಣಕ್ಕೇ "ಮೈಸೂರು ಸಿಗಲ್ಲ, ಮೊದಲೇ ಹಾಕಿದ್ರೆ ಹಾಸನವೂ ಹೋದೀತು" ಎಂಬ ಭಯಕ್ಕೆ ಅರ್ಥವಿಲ್ಲ. ಸಿಗದ ಕಾಲೇಜನ್ನು ಮೇಲೆ ಹಾಕಿದರೆ ಏನೂ ನಷ್ಟವಿಲ್ಲ. ನಷ್ಟವಾಗುವುದು ಬೇಡದ ಕಾಲೇಜನ್ನು ಬೇಕಾದದ್ದರ ಮೇಲೆ ಹಾಕಿದಾಗ. ಒಂದೇ ಕಾಲೇಜಿನ ಸರ್ಕಾರಿ ಕೋಟಾ ಸೀಟು ಮತ್ತು ಖಾಸಗಿ ಕೋಟಾ ಸೀಟು ಬೇರೆ ಬೇರೆ ಆಯ್ಕೆಗಳು, ಹೆಸರು ಮಾತ್ರ ಒಂದೇ. ಶುಲ್ಕದ ಕಾಲಂ ನೋಡದೆ ಆದ್ಯತೆ ಸಂಖ್ಯೆ ಹಾಕಿದ ಹುಡುಗನೊಬ್ಬನಿಗೆ ಹನ್ನೊಂದು ಲಕ್ಷದ ಸೀಟು ಬಂದು ಮನೆಯಲ್ಲಿ ಮೂರು ದಿನ ಒಲೆ ಹಚ್ಚಿರಲಿಲ್ಲ.

ಪಟ್ಟಿಯನ್ನು ಮೊದಲು ಕಾಗದದಲ್ಲಿ ಬರೆಯಿರಿ. ಪಕ್ಕಪಕ್ಕದ ಎರಡೆರಡು ಹೆಸರು ತೆಗೆದುಕೊಂಡು ಮಗುವನ್ನೇ ಕೇಳಿ, "ಇವೆರಡೂ ಸಿಕ್ಕರೆ ಯಾವುದಕ್ಕೆ ಹೋಗುತ್ತೀಯ?" ಉತ್ತರ ಪಟ್ಟಿಗೆ ಉಲ್ಟಾ ಬಂದರೆ ಸ್ಥಾನ ಬದಲಿಸಿ. ಕೊನೆಯ ಸಾಲಿನ ತನಕ ಹೀಗೆ ಕೇಳಿ. ಸಿಕ್ಕರೂ ಹೋಗಲಾರೆವು ಎಂಬ ಹೆಸರನ್ನು ಹೊಡೆದುಹಾಕಿ. ಆಮೇಲೆ ಕಂಪ್ಯೂಟರ್. ಸೈಬರ್ ಸೆಂಟರಿನವನಿಗೆ ಪಾಸ್‌ವರ್ಡ್ ಕೊಟ್ಟು "ನೀನೇ ಹಾಕಪ್ಪ" ಎಂದು ಬರಬೇಡಿ, ಪಕ್ಕದಲ್ಲೇ ಕೂತು ಮುದ್ರಿಸಿಕೊಂಡು ಕಾಗದದ ಪಟ್ಟಿಯೊಂದಿಗೆ ತಾಳೆ ನೋಡಿ. ಅಣಕು ಹಂಚಿಕೆ ಬಂದಾಗ ಗಾಬರಿ ಬೇಡ, ಅದು ಸೀಟಲ್ಲ, ಪಟ್ಟಿ ತಿದ್ದಲು ಕೊಡುವ ಸೂಚನೆ.

ಸೀಟು ಬಂದ ಮೇಲೆ

ಕೆಇಎ ಛಾಯ್ಸ್ ಕೇಳುತ್ತದೆ. ಮೊದಲನೆಯದು, ಇದೇ ಸಾಕು, ಸೇರುತ್ತೇನೆ. ಎರಡನೆಯದು, ಇದನ್ನು ಇಟ್ಟುಕೊಂಡು ಮುಂದಿನ ಸುತ್ತಿನಲ್ಲಿ ಮೇಲಿನದಕ್ಕೆ ಕಾಯುತ್ತೇನೆ. ಮೂರನೆಯದು, ಇದು ಬೇಡ, ಮುಂದಿನ ಸುತ್ತು ನೋಡುತ್ತೇನೆ. ಮೂರನೆಯದನ್ನು ಒತ್ತುವ ಮುನ್ನ ಒಂದು ರಾತ್ರಿ ಮಲಗೆದ್ದು ಯೋಚಿಸಿ, ಕೈಯಲ್ಲಿರುವುದು ಅಲ್ಲಿಗೆ ಹೋಯಿತು.

ಎರಡನೆಯದು ಸುರಕ್ಷಿತವಾಗಿ ಕಾಣುತ್ತದೆ, ಆದರೆ ಅದರೊಳಗೊಂದು ಗುಂಡಿ ಇದೆ. ಮುಂದಿನ ಸುತ್ತಿನಲ್ಲಿ ಮೇಲಿನ ಯಾವ ಹೆಸರು ಸಿಕ್ಕರೂ ಈಗಿನ ಸೀಟು ತಾನಾಗಿ ಬೇರೆಯವರ ಪಾಲು. ಹಾಗಾಗಿ ಛಾಯ್ಸ್ ಎರಡು ಒತ್ತಿದ ದಿನವೇ ಮೇಲಿನ ಹೆಸರುಗಳನ್ನು ಮತ್ತೆ ಓದಿ. ಈಗ ಸಿಕ್ಕಿರುವುದಕ್ಕಿಂತ ನಿಜವಾಗಿ ಮೇಲು ಅನ್ನಿಸದ ಹೆಸರಿದ್ದರೆ ತೆಗೆದುಹಾಕಿ. ಈ ಛಾಯ್ಸ್‌ಗಳ ವಿವರ, ಶುಲ್ಕ ವಾಪಸಾತಿ, ದಂಡ ಇವೆಲ್ಲ ಸುತ್ತಿನಿಂದ ಸುತ್ತಿಗೆ ಬದಲಾಗುತ್ತವೆ. ಹೋದ ವರ್ಷದವರ ಮಾತಿಗಿಂತ ಈ ವರ್ಷದ ಪ್ರಕಟಣೆಯನ್ನೇ ನಂಬಿ.

ಎಂಸಿಸಿಯಲ್ಲೂ ಕೆಇಎಯಲ್ಲೂ ಸೀಟು ಬಂದರೆ? ಮೂಲ ದಾಖಲೆಗಳು ಒಂದೇ ಸೆಟ್, ಎರಡು ಕಡೆ ಕೊಡಲಾಗದು. ಸೇರಿದವರ ಪಟ್ಟಿ ಎಂಸಿಸಿಯಿಂದ ರಾಜ್ಯಗಳಿಗೂ ಹೋಗುತ್ತದೆ, ಎರಡು ದೋಣಿಯ ಮೇಲೆ ಕಾಲಿಡಲು ಬಿಡುವುದಿಲ್ಲ. ಎರಡರ ಗಡುವುಗಳನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಬೇರೆ ಬೇರೆ ಬಣ್ಣದಲ್ಲಿ ಗುರುತು ಹಾಕಿ. ಓದು ಮುಗಿದ ಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿ ದುಡಿಯಬೇಕೆನ್ನುವ ರಾಜ್ಯದ ಕಡ್ಡಾಯ ಸೇವೆಯ ಕಾಯ್ದೆ 2012ರದ್ದು, ಆಮೇಲೆ ತಿದ್ದುಪಡಿಯಾಗಿದೆ. ಸೇರುವಾಗ ಸಹಿ ಹಾಕಿಸಿಕೊಳ್ಳುವ ಬಾಂಡಿನಲ್ಲಿ ಏನಿದೆ ಎಂದು ಓದಿಯೇ ಸಹಿ ಮಾಡಿ, ಒಂದು ನಕಲು ಮನೆಯಲ್ಲಿರಲಿ. ನಡುವೆ ಕೋರ್ಸ್ ಬಿಟ್ಟರೆ ಎಷ್ಟು ಕಟ್ಟಬೇಕು ಎಂಬ ಸಾಲಿನ ಕೆಳಗೆ ಗೆರೆ ಎಳೆಯಿರಿ.

ಏನೂ ಸರಿಹೊಂದದಿದ್ದರೆ ಇನ್ನೊಂದು ವರ್ಷ ಲಾಂಗ್ ಟರ್ಮ್ (ಮತ್ತೆ ನೀಟ್ ಬರೆಯಲು ಕೋಚಿಂಗ್) ಕೂರುವುದೇ ಎಂದು ಕೇಳುತ್ತಾರೆ. ಸರ್ಕಾರಿ ಸೀಟಿಗೆ ಕೆಲವೇ ಅಂಕ ಕಡಿಮೆ ಬಿದ್ದು, ಮಗುವೇ ಕೂರುತ್ತೇನೆ ಎಂದರೆ ಕೂರಲಿ. ಅಪ್ಪನ ಹಟಕ್ಕೆ ಬೇಡ.

ಸೇರುವ ದಿನ ಮೂಲ ದಾಖಲೆಗಳ ಜೊತೆಗೆ ಎಲ್ಲದರ ಐದು ನಕಲು, ಹತ್ತು ಹನ್ನೆರಡು ಫೋಟೋ, ಶುಲ್ಕ ಕಟ್ಟಿದ ರಸೀದಿ ಇಟ್ಟುಕೊಳ್ಳಿ. ದಾಖಲೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಅದನ್ನು ಇನ್ನೊಂದು ಚೀಲದಲ್ಲಿಡಿ. ಘಟ್ಟದ ಕೆಳಗಿನ ಕಾಲೇಜಾದರೆ ಬೆಳಿಗ್ಗೆ ಹೊರಟು ಮಧ್ಯಾಹ್ನ ತಲುಪುತ್ತೇವೆ ಎಂಬ ಧೈರ್ಯ ಬೇಡ. ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಗುಡ್ಡ ಜಾರಿ ರಸ್ತೆ ಮುಚ್ಚಿದರೆ ಸೀಟಿನ ಗಡುವು ಕಾಯುವುದಿಲ್ಲ. ಹಿಂದಿನ ದಿನವೇ ಇಳಿದು ಉಳಿದುಕೊಳ್ಳಿ.